ಬಿಳಿಯನ್ನು ತಡೆದು ಹಿಡಿಯಿರಿ: ತೈಲವರ್ಣದಲ್ಲಿ ಭಾವಚಿತ್ರ ಕಲಿಯುವ ಕ್ರಮ

ತೈಲವರ್ಣದಲ್ಲಿ ಭಾವಚಿತ್ರ ಕಲಿಯಬೇಕೆಂದು ನನ್ನ ಬಳಿಗೆ ಬರುವ ಹುಡುಗ ಹುಡುಗಿಯರು ಸಾಮಾನ್ಯವಾಗಿ ಮೊದಲು ಕೇಳುವುದು ಮೈಬಣ್ಣದ ಲೆಕ್ಕವನ್ನು: ಯಾವ ಬಣ್ಣಕ್ಕೆ ಯಾವುದನ್ನು ಎಷ್ಟು ಬೆರೆಸಿದರೆ ಮುಖದ ಬಣ್ಣ ಬರುತ್ತದೆ? ಪ್ರಶ್ನೆ ಸಹಜವಾದದ್ದೇ. ಆದರೆ ಉತ್ತರ ಹುಡುಕುತ್ತ ಅಂಗಡಿಯ ‘ಫ್ಲೆಶ್ ಟಿಂಟ್’ ಎಂಬ ಗುಲಾಬಿ ಟ್ಯೂಬನ್ನು ತಂದು, ಬೆಳಕಿಗೆ ಬಿಳಿ, ನೆರಳಿಗೆ ಕಪ್ಪು ಬೆರೆಸುತ್ತ ಹೋದರೆ, ಬಿಸಿಲಲ್ಲಿ ಹೊಲ ದುಡಿದ ಅಜ್ಜನ ಮುಖ ಸುಣ್ಣ ಬಳಿದ ಗೋಡೆಯಂತೆ ಸಪ್ಪೆಯಾಗಿ ನಿಲ್ಲುತ್ತದೆ. ನಮ್ಮ ಜನರ ಮುಖದಲ್ಲಿ ಚಿತ್ರಕಾರನಿಗೆ ಬೇಕಾದ ಸಂಪತ್ತೆಲ್ಲ ಇರುವುದು ಬೆಳಕಿಗೂ ಕತ್ತಲಿಗೂ ನಡುವಿನ ಕಂದು ಛಾಯೆಗಳಲ್ಲಿ. ಬಿಳಿ ಅಲ್ಲಿ ಬೇಕಾಗುವುದು ಬಹಳ ಕಡಿಮೆ, ಅದೂ ಕೊನೆಗೆ. ಈ ಮಾತು ಕೈಗೆ ಹತ್ತಬೇಕಾದರೆ ಹಳೆಯ ಯುರೋಪಿನ ಪದ್ಧತಿ, ಅಂದರೆ ಮೊದಲು ರೇಖೆ, ಆಮೇಲೆ ಬಣ್ಣವಿಲ್ಲದ ನೆರಳು ಬೆಳಕು, ಕಟ್ಟಕಡೆಗೆ ಬಣ್ಣ ಎಂಬ ಕ್ರಮ, ತುಂಬ ಉಪಯೋಗಕ್ಕೆ ಬರುತ್ತದೆ. ವಿಜಯಪುರದ ಬಿಸಿಲು, ಧೂಳು, ಮನೆಗಳನ್ನು ಗಮನದಲ್ಲಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಬೆಳಕು ಮತ್ತು ಜಾಗ

ಭಾವಚಿತ್ರಕ್ಕೆ ಒಂದೇ ಕಡೆಯಿಂದ, ತುಸು ಮೇಲಿನಿಂದ, ಗಳಿಗೆಗೊಮ್ಮೆ ಬದಲಾಗದ ಬೆಳಕು ಬೀಳಬೇಕು. ಯುರೋಪಿನ ಚಿತ್ರಕಾರರು ಉತ್ತರದ ಕಿಟಕಿಯನ್ನು ಆರಿಸಿಕೊಳ್ಳುತ್ತಿದ್ದರು, ಏಕೆಂದರೆ ಅವರ ನಾಡಿನಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಪುಸ್ತಕಗಳಲ್ಲಿ ಓದಿದ ಈ ಸಲಹೆಯನ್ನು ನಮ್ಮವರು ಹಾಗೆಯೇ ಪಾಲಿಸಿ ಪೇಚಿಗೆ ಸಿಲುಕುತ್ತಾರೆ. ವಿಜಯಪುರ ಇರುವುದು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯನೂ ನಮ್ಮ ನೆತ್ತಿಯಿಂದ ಉತ್ತರಕ್ಕೇ ಸರಿದಿರುತ್ತಾನೆ, ಬೆಳಿಗ್ಗೆ ಮತ್ತು ಸಂಜೆಯಂತೂ ಉತ್ತರದ ಕಿಟಕಿಯಿಂದ ನೇರವಾಗಿ ಬಿಸಿಲು ಒಳಗೆ ಬರುತ್ತದೆ. ಆ ತಿಂಗಳುಗಳಲ್ಲಿ ಕಿಟಕಿಗೆ ಬಿಳಿ ಧೋತರದ ತುಂಡೊಂದನ್ನು ಬಿಗಿಯಾಗಿ ಕಟ್ಟಿದರೆ ಬೆಳಕು ಸೋಸಿ ಬರುತ್ತದೆ. ಕಿಟಕಿಯ ಕೆಳಗಿನ ಅರ್ಧವನ್ನು ರಟ್ಟಿನಿಂದ ಮುಚ್ಚಿದರೆ ಬೆಳಕು ಮೇಲಿನಿಂದ ಇಳಿಯುತ್ತದೆ, ಮೂಗಿನ ನೆರಳು ಮೇಲ್ದುಟಿಯ ಕಡೆಗೆ ಬಾಗುತ್ತದೆ, ಮುಖಕ್ಕೆ ಆಕಾರ ಬರುತ್ತದೆ.

ಹಳೆಯ ಮಣ್ಣಿನ ಮಾಳಿಗೆಯ ಮನೆ ನಿಮ್ಮದಾಗಿದ್ದರೆ ಕಿಟಕಿಯ ಚಿಂತೆಯೇ ಬೇಡ. ಪಡಸಾಲೆಯ ಬೆಳಕಿಂಡಿಯಿಂದ ಇಳಿಯುವ ಬೆಳಕಿಗೆ ಸಾಟಿಯಾದದ್ದನ್ನು ನಾನು ಯಾವ ಸ್ಟುಡಿಯೋದಲ್ಲೂ ನೋಡಿಲ್ಲ. ಬಿಸಿಲ ಕೋಲು ನೇರವಾಗಿ ಇಳಿಯದಂತೆ ಕಿಂಡಿಯ ಮೇಲೆ ಬಟರ್ ಪೇಪರ್ ಹಾಸಿ, ಕೂರುವವರನ್ನು ಕಿಂಡಿಯ ನೇರ ಕೆಳಗೆ ಕೂರಿಸದೆ ಎರಡು ಮೂರು ಅಡಿ ಹಿಂದಕ್ಕೆ ಕೂರಿಸಿ. ಗೋಡೆಗೆ ಬಿಳಿ ಸುಣ್ಣವಿದ್ದರೆ ಅದು ನೆರಳಿನ ಕೆನ್ನೆಗೂ ಬೆಳಕನ್ನು ಚೆಲ್ಲಿ ಮುಖವನ್ನು ಚಪ್ಪಟೆ ಮಾಡುತ್ತದೆ, ಆದ್ದರಿಂದ ನೆರಳಿನ ಬದಿಗೆ ಒಂದು ಕರಿ ಕಂಬಳಿಯನ್ನು ಇಳಿಬಿಡಿ. ಇಷ್ಟರಿಂದಲೇ ಮುಖ ಎಷ್ಟು ಗಂಭೀರವಾಗುತ್ತದೆ ಎಂಬುದನ್ನು ಕಂಬಳಿ ಹಾಕಿ ತೆಗೆದು ನೀವೇ ನೋಡಬೇಕು.

ಎಣ್ಣೆ, ಹಲಗೆ, ಬಣ್ಣ

ಅಗಸೆ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿನ್ನುವ ನಮಗೆ ಈ ಮಾಧ್ಯಮ ಪರದೇಶದ್ದು ಅನ್ನಿಸಬೇಕಾಗಿಲ್ಲ. ಲಿನ್‌ಸೀಡ್ ಎಣ್ಣೆ ಎಂದು ಬಾಟಲಿಯ ಮೇಲೆ ಬರೆದಿರುವುದು ಹಿಂಗಾರಿಯಲ್ಲಿ ನಮ್ಮ ಎರೆಹೊಲಗಳಲ್ಲಿ ನೀಲಿ ಹೂ ಬಿಡುವ ಅಗಸೆಯ ಎಣ್ಣೆಯೇ. ಅದು ನೀರಿನಂತೆ ಆವಿಯಾಗಿ ಆರುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾದ ಪದರವಾಗುತ್ತದೆ. ಶೇಂಗಾ ಎಣ್ಣೆಗೂ ಕೊಬ್ಬರಿ ಎಣ್ಣೆಗೂ ಈ ಗುಣವಿಲ್ಲ, ಅವುಗಳಲ್ಲಿ ಕಲಸಿದ ಬಣ್ಣ ವರ್ಷ ಕಳೆದರೂ ಕೈಗೆ ಹತ್ತುತ್ತದೆ. ನಮ್ಮದೇ ಕುಸುಬೆಯ ಎಣ್ಣೆ ನಿಧಾನವಾಗಿ ಆರುತ್ತದೆ, ಆದರೆ ಅಗಸೆಯಷ್ಟು ಹಳದಿಯಾಗುವುದಿಲ್ಲ. ಅದಕ್ಕಾಗಿ ಕಂಪನಿಗಳು ಬಿಳಿ ಬಣ್ಣವನ್ನು ಎಷ್ಟೋ ಸಲ ಕುಸುಬೆ ಎಣ್ಣೆಯಲ್ಲೇ ಅರೆಯುತ್ತವೆ. ಹಾಗೆಂದು ಅಡುಗೆಮನೆಯ ಎಣ್ಣೆಯನ್ನು ಚಿತ್ರಕ್ಕೆ ಬಳಸಬೇಡಿ. ಗಾಣದ ಎಣ್ಣೆಯಲ್ಲಿ ಗಸಿ ಮತ್ತು ಅಂಟು ಉಳಿದಿರುತ್ತವೆ. ಚಿತ್ರಕ್ಕೆಂದೇ ಶುದ್ಧಮಾಡಿದ 100 ಮಿಲಿಲೀಟರಿನ ಒಂದು ಬಾಟಲಿ ಹಲವು ತಿಂಗಳು ಬರುತ್ತದೆ.

ಕಲಿಯುವಾಗ ದುಬಾರಿ ಕ್ಯಾನ್ವಾಸ್ ಬೇಡ. ಬಡಗಿಯ ಬಳಿ 12 ಇಂಚು ಅಗಲ, 16 ಇಂಚು ಎತ್ತರದ ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ) ಹಲಗೆ ಕೊಯ್ಸಿಕೊಂಡು, ಎರಡು ಬದಿಗೂ ಅಕ್ರಿಲಿಕ್ ಜೆಸ್ಸೊ ಎಂಬ ಬಿಳಿ ತಳಬಣ್ಣ ಹಚ್ಚಿ, ಚಿತ್ರ ಬರೆಯುವ ಬದಿಗೆ ಮೂರು ಕೈ ಹಚ್ಚಿ, ಪ್ರತಿ ಕೈ ಆರಿದ ಮೇಲೆ ನಯವಾದ ಪಾಲಿಶ್ ಪೇಪರಿನಿಂದ ಉಜ್ಜಿದರೆ ಸಾಕು. ಹಿಂಬದಿಗೆ ಹಚ್ಚದಿದ್ದರೆ ಹಲಗೆ ಬಾಗುತ್ತದೆ. ಬ್ರಶ್‌ಗಳಲ್ಲಿ ಒರಟು ಕೂದಲಿನ ಫಿಲ್ಬರ್ಟ್ (ತುದಿ ದುಂಡಗಿರುವ ಚಪ್ಪಟೆ ಬ್ರಶ್) 4, 6, 8 ನಂಬರಿನವು, ಮೆತ್ತನೆಯ ದುಂಡು ಬ್ರಶ್ ಒಂದು, ಬಣ್ಣ ಕಲಸಲು ಪ್ಯಾಲೆಟ್ ಚಾಕು, ಟರ್ಪೆಂಟೈನ್, ಹಳೆಯ ಹತ್ತಿ ಬಟ್ಟೆ ಬೇಕು. ಬಣ್ಣಗಳು ಎಂಟು: ಟೈಟೇನಿಯಮ್ ವೈಟ್, ಯೆಲ್ಲೋ ಓಕರ್, ವರ್ಮಿಲಿಯನ್ (ಉಜ್ವಲ ಕೆಂಪು), ಬರ್ಂಟ್ ಸಿಯೆನಾ (ಕೆಂಪುಗಂದು), ರಾ ಅಂಬರ್ (ಮಂಕು ಕಂದು), ಬಾಳಿಕೆಯ ಅಲಿಜರಿನ್ ಕ್ರಿಮ್ಸನ್ (ಗಾಢ ಕೆಂಪು), ಅಲ್ಟ್ರಾಮರೀನ್ ನೀಲಿ, ಐವರಿ ಬ್ಲ್ಯಾಕ್. ಇವುಗಳಲ್ಲಿ ಓಕರ್, ಸಿಯೆನಾ, ಅಂಬರ್ ಮೂರೂ ಮಣ್ಣುಗಳು, ಮನೆಯ ಗೋಡೆಗೆ ಬಳಿಯುವ ಕಾವಿಯ ಬಳಗದವು. ನಮ್ಮ ಮೈಬಣ್ಣದ ಮುಕ್ಕಾಲು ಪಾಲು ಈ ಮಣ್ಣುಗಳಲ್ಲೇ ಇದೆ.

ಮುಖಕ್ಕೆ ಮೊದಲು ಮಡಿಕೆ

ಮೊದಲ ತಿಂಗಳು ಮುಖದ ತಂಟೆಗೆ ಹೋಗಬೇಡಿ. ಒಂದು ದುಂಡನೆಯ ಮಣ್ಣಿನ ಮಡಿಕೆಗೆ ಸುಣ್ಣ ಬಳಿದು, ಮಂಕು ಬಟ್ಟೆಯ ಮುಂದೆ, ಅದೇ ಬೆಳಕಿಂಡಿಯ ಬೆಳಕಿನಲ್ಲಿ ಇಡಿ. ಕಪ್ಪು, ಬಿಳಿ, ರಾ ಅಂಬರ್ ಮೂರರಿಂದಲೇ ಕತ್ತಲಿಂದ ಬೆಳಕಿನವರೆಗೆ ಐದು ಮೆಟ್ಟಿಲುಗಳ ಬಣ್ಣವನ್ನು ಮೊದಲೇ ಕಲಸಿಟ್ಟುಕೊಂಡು ಆ ಮಡಿಕೆಯನ್ನು ಬರೆಯಿರಿ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಮಡಿಕೆ ಎರಡೇ ಭಾಗವಾಗಿ ಕಾಣುತ್ತದೆ: ಬೆಳಕಿಗೆ ತಿರುಗಿದ ಭಾಗ, ಬೆನ್ನು ಮಾಡಿದ ಭಾಗ. ಅವೆರಡು ಕೂಡುವ ಗಡಿಯನ್ನು ಸರಿಯಾಗಿ ಗುರುತಿಸುವುದೇ ಅರ್ಧ ವಿದ್ಯೆ. ನೆರಳಿನ ಭಾಗದ ಅಂಚಿನಲ್ಲಿ, ನೆಲದಿಂದ ತಿರುಗಿ ಬಂದ ಮಂದ ಬೆಳಕು ಇರುತ್ತದೆ. ಕಲಿಯುವವರು ಅದನ್ನು ಕಂಡ ಖುಷಿಗೆ ಬೆಳಕಿನ ಭಾಗದಷ್ಟೇ ತಿಳಿಯಾಗಿ ಬರೆದುಬಿಡುತ್ತಾರೆ, ಅಲ್ಲಿಗೆ ದುಂಡುತನ ಹೋಯಿತು. ನೆರಳೊಳಗಿನ ಅತ್ಯಂತ ತಿಳಿಯಾದ ಜಾಗವೂ ಬೆಳಕಿನೊಳಗಿನ ಅತ್ಯಂತ ಗಾಢವಾದ ಜಾಗಕ್ಕಿಂತ ಕಪ್ಪಾಗಿರಬೇಕು. ಸುಣ್ಣದ ಮಡಿಕೆಯ ಮೇಲೂ ಅಚ್ಚ ಬಿಳಿ ಬೇಕಾಗುವುದು ಒಂದೇ ಚುಕ್ಕೆಗೆ ಎಂಬುದು ಈ ಅಭ್ಯಾಸದಲ್ಲಿ ಗೊತ್ತಾಗುತ್ತದೆ. ಬಿಳಿ ವಸ್ತುವಿನ ಸ್ಥಿತಿಯೇ ಹೀಗಾದರೆ ಕಂದು ಮುಖದ ಲೆಕ್ಕ ಏನೆಂದು ಊಹಿಸಿಕೊಳ್ಳಿ.

ಈ ಅಭ್ಯಾಸ ನಮಗೆ ಇನ್ನೊಂದು ಕಾರಣಕ್ಕೂ ಬೇಕು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, ಅಂದರೆ 1580ರಿಂದ 1627ರವರೆಗೆ, ಈ ಊರಿನಲ್ಲಿ ಬಹು ಸೊಗಸಾದ ಭಾವಚಿತ್ರಗಳಾದವು. ಆದರೆ ಆ ಕಿರುಚಿತ್ರಗಳ ಜೀವ ಇರುವುದು ರೇಖೆಯಲ್ಲಿ ಮತ್ತು ತುಂಬು ಬಣ್ಣದಲ್ಲಿ. ಒಂದು ಕಡೆಯಿಂದ ಬೀಳುವ ಬೆಳಕು ಮತ್ತು ಅದರ ಗಾಢ ನೆರಳು ಅಲ್ಲಿ ಮುಖ್ಯವಲ್ಲ. ಅದೇ ಅರಸನ ಆಶ್ರಯಕ್ಕೆ 1610ರ ಸುಮಾರಿಗೆ ಹಾಲೆಂಡಿನ ಹಾರ್ಲೆಮ್ ಪಟ್ಟಣದ ಚಿತ್ರಕಾರ ಕಾರ್ನೆಲಿಸ್ ಹೇಡಾ ಬಂದು ಸೇರಿದ್ದ ಎಂಬುದು ನಮ್ಮ ಊರಿನ ಎಷ್ಟೋ ಜನರಿಗೆ ತಿಳಿಯದು. ತೊರವಿಯ ಕಡೆಗೆ ಹೋದಾಗಲೆಲ್ಲ, ಆ ಅರಸ ಕಟ್ಟಿಸಿದ ನವರಸಪುರದ ಈ ಬಯಲಿನಲ್ಲಿ ನಾನೂರು ವರ್ಷಗಳ ಹಿಂದೆಯೇ ಯಾರೋ ಎಣ್ಣೆಯಲ್ಲಿ ಬಣ್ಣ ಕಲಸಿರಬಹುದಲ್ಲ ಎಂದು ನನಗೆ ಮೈ ಜುಮ್ಮೆನ್ನುತ್ತದೆ. ಅವನ ಕೆಲಸ ಇಲ್ಲಿ ನೋಡಲು ಸಿಗುವುದಿಲ್ಲ. ನೆರಳನ್ನು ನೋಡುವ ಕಣ್ಣನ್ನು ನಾವು ಅಭ್ಯಾಸದಿಂದಲೇ ಸಂಪಾದಿಸಬೇಕು.

ರೇಖೆ

ರೇಖಾಚಿತ್ರದ ಬಗ್ಗೆ ಪುಸ್ತಕಗಳು ಧಾರಾಳವಾಗಿವೆ, ಆದ್ದರಿಂದ ಇಲ್ಲಿ ಕೆಲವೇ ಮಾತು. ತಲೆಯ ನೆತ್ತಿಯಿಂದ ಗದ್ದದವರೆಗಿನ ಎತ್ತರದ ಸರಿಸುಮಾರು ನಡುವೆ ಕಣ್ಣುಗಳಿರುತ್ತವೆ. ಹೊಸಬರು ಅವನ್ನು ಯಾವಾಗಲೂ ಮೇಲಕ್ಕೆ ಬರೆದು ತಲೆಬುರುಡೆಯನ್ನು ಕತ್ತರಿಸುತ್ತಾರೆ. ಎರಡು ಕಣ್ಣುಗಳ ನಡುವೆ ಸುಮಾರು ಒಂದು ಕಣ್ಣಿನಷ್ಟು ಅಂತರವಿರುತ್ತದೆ. ಇವು ಲೆಕ್ಕಕ್ಕಿಟ್ಟುಕೊಳ್ಳುವ ಅಳತೆಗಳು ಮಾತ್ರ, ಎದುರಿಗೆ ಕೂತವರು ಇವನ್ನು ಎಲ್ಲಿ ಮೀರಿದ್ದಾರೋ ಅಲ್ಲೇ ಅವರ ಹೋಲಿಕೆ ಇರುತ್ತದೆ. ಗೌಂಡಿಗಳು ಗೋಡೆ ಕಟ್ಟುವಾಗ ಇಳಿಬಿಡುವ ತೂಗುಗುಂಡಿನ ದಾರವನ್ನು ಒಂದು ಕಣ್ಣು ಮುಚ್ಚಿ ಮುಖದ ಎದುರು ಹಿಡಿದರೆ, ಕಣ್ಣಿನ ಒಳಮೂಲೆಯ ನೇರ ಕೆಳಗೆ ಮೂಗಿನ ಹೊಳ್ಳೆಯ ಯಾವ ಭಾಗ ಬರುತ್ತದೆ, ಬಾಯಿಯ ಮೂಲೆ ಎಷ್ಟು ಹೊರಗಿದೆ ಎಂಬುದು ಥಟ್ಟನೆ ತಿಳಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎಂಟು ಅಡಿ ಹಿಂದೆ ಸರಿದು, ಚಿತ್ರವನ್ನು ಕನ್ನಡಿಯಲ್ಲಿ ತಿರುಗಿಸಿ ನೋಡಿ. ಕಣ್ಣು ಒಗ್ಗಿಹೋಗಿ ಮರೆತ ಸೊಟ್ಟುಗಳೆಲ್ಲ ಕನ್ನಡಿಯಲ್ಲಿ ಎದ್ದು ಕಾಣುತ್ತವೆ.

ಮೊಬೈಲ್ ಫೋಟೋ ನೋಡಿ ಬರೆಯಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಮೊದಲ ಹತ್ತು ಮುಖಗಳನ್ನಾದರೂ ಎದುರಿಗೆ ಕೂರಿಸಿಕೊಂಡೇ ಬರೆಯಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಹತ್ತಿರದಿಂದ ತೆಗೆದ ಫೋಟೋದಲ್ಲಿ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ನಮಗೆ ಮುಖ್ಯವಾದ ನೆರಳಿನ ಬಣ್ಣಗಳೋ ಬರೀ ಕಪ್ಪಾಗಿ ಕೂತುಬಿಡುತ್ತವೆ. ಯಾರೂ ಕೂರಲು ಒಪ್ಪದಿದ್ದರೆ ಕನ್ನಡಿ ಇಟ್ಟುಕೊಂಡು ನಿಮ್ಮದೇ ಮುಖ ಬರೆಯಿರಿ.

ತಳದ ಪದರ

ನನ್ನ ಸೋದರತ್ತೆ, ತಾಳಿಕೋಟೆಯ ಹತ್ತಿರದ ಹಳ್ಳಿಯಲ್ಲಿ ಹೊಲ ನೋಡಿಕೊಂಡು ಬಾಳಿದವರು, ಎಪ್ಪತ್ತು ದಾಟಿದ ಮೇಲೆ ನನಗಾಗಿ ಒಂಬತ್ತು ಸಲ ಕೂತರು. ಅವರ ಚಿತ್ರವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮುಂದಿನ ಹಂತಗಳನ್ನು ಹೇಳುತ್ತೇನೆ. ಕೂರುವವರಿಗೆ 25 ನಿಮಿಷಕ್ಕೊಮ್ಮೆ ಬಿಡುವು ಕೊಡಬೇಕು, ಎದ್ದು ಹೋಗುವ ಮೊದಲು ಕುರ್ಚಿಯ ಕಾಲು ಮತ್ತು ಅವರ ಪಾದದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದುಕೊಳ್ಳಬೇಕು. ಇಲ್ಲದಿದ್ದರೆ ಮರಳಿ ಕೂತಾಗ ನೆರಳೆಲ್ಲ ಬದಲಾಗಿರುತ್ತದೆ.

ಮೊದಲ ದಿನ ರಾ ಅಂಬರ್ ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಹಲಗೆಯ ತುಂಬ ಉಜ್ಜಿ, ಬಟ್ಟೆಯಿಂದ ಒರೆಸಿ, ಎರೆಮಣ್ಣಿನ ನೀರಿನಂಥ ನಡುಛಾಯೆಯೊಂದನ್ನು ಉಳಿಸಿಕೊಂಡೆ. ಬಿಳಿ ಹಲಗೆಯ ಮೇಲೆ ಯಾವ ಬಣ್ಣವೂ ಗಾಢವಾಗಿಯೇ ಕಾಣುವುದರಿಂದ, ಹೆದರಿ ಎಲ್ಲವನ್ನೂ ತಿಳಿಯಾಗಿ ಬರೆಯುವ ತಪ್ಪು ಆಗುತ್ತದೆ. ಈ ತಳಛಾಯೆ ಅದನ್ನು ತಪ್ಪಿಸುತ್ತದೆ. ಅದು ಹಸಿಯಿರುವಾಗಲೇ ಅದೇ ಬಣ್ಣದಿಂದ ನೆರಳಿನ ದೊಡ್ಡ ಆಕಾರಗಳನ್ನು ಹಾಕಿ, ಬೆಳಕು ಬಿದ್ದ ಹಣೆ, ಕೆನ್ನೆಯ ಮೂಳೆ, ಮೂಗಿನ ದಂಡೆಯನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ರಾ ಅಂಬರಿನಲ್ಲಿರುವ ಮ್ಯಾಂಗನೀಸ್ ಎಣ್ಣೆಯನ್ನು ಬೇಗ ಆರಿಸುತ್ತದೆ, ಆದ್ದರಿಂದಲೇ ತಳಕ್ಕೆ ಅದನ್ನು ಆರಿಸಿಕೊಳ್ಳುವುದು. ನಮ್ಮ ಬೇಸಿಗೆಯಲ್ಲಿ ಇಂಥ ತೆಳುಪದರ ಒಂದೆರಡು ದಿನದಲ್ಲಿ ಕೈಗೆ ಹತ್ತದಷ್ಟು ಆರುತ್ತದೆ, ಮಳೆಗಾಲದಲ್ಲಿ ವಾರ ಬೇಕು.

ಅದರ ಮೇಲೆ ಕಪ್ಪು, ಓಕರ್, ತುಸು ಬಿಳಿ ಕೂಡಿದ ಮಂಕು ಹಸಿರಿನಲ್ಲಿ ಇಡೀ ಮುಖವನ್ನು ಬಣ್ಣವಿಲ್ಲದ ಪ್ರತಿಮೆಯಂತೆ ಬರೆದು ಮುಗಿಸಬೇಕು. ಕಪ್ಪಿಗೆ ಓಕರ್ ಸೇರಿದರೆ ಹಸಿರು ಹುಟ್ಟುತ್ತದೆ, ಮುಂದೆ ಬರುವ ಕೆಂಪು ಕಂದು ಬಣ್ಣ ಈ ಹಸಿರಿನ ಮೇಲೆ ಕೂತಾಗ ಚರ್ಮದ ಕೆಳಗೆ ರಕ್ತವಿದ್ದಂತೆ ತೋರುತ್ತದೆ. ಮೂರನೆಯ ದಿನ ಅತ್ತೆ ಎದ್ದು ಬಂದು ನೋಡಿ ಗಾಬರಿಯಾದರು.

“ಏನೋ ತಮ್ಮಾ, ನನ್ನ ಮಾರಿ ಹಸರ ಮಾಡಿಬಿಟ್ಟಿ?”

“ಇದು ತಳದ್ದು ಅತ್ತಿ, ಮ್ಯಾಲ ಬಣ್ಣ ಬರತೈತಿ,” ಎಂದು ಸಮಾಧಾನ ಮಾಡಬೇಕಾಯಿತು. ಮನೆಯವರು ಹೀಗೆ ಕೇಳಿದಾಗ ಅವಸರಪಟ್ಟು ಬಣ್ಣಕ್ಕೆ ಕೈ ಹಾಕಬೇಡಿ. ಹೋಲಿಕೆ ಈ ಹಂತದಲ್ಲೇ ಬಂದಿರಬೇಕು, ಬಣ್ಣ ಬಂದು ಅದನ್ನು ಸರಿಪಡಿಸುವುದಿಲ್ಲ.

ಒಂದು ನಿಯಮವನ್ನು ಮುರಿಯಲೇಬಾರದು: ಕೆಳಗಿನ ಪದರಕ್ಕಿಂತ ಮೇಲಿನ ಪದರದಲ್ಲಿ ಎಣ್ಣೆ ಹೆಚ್ಚಿರಬೇಕು. ನಾನು ಇದನ್ನು ತಿಳಿಯದ ವಯಸ್ಸಿನಲ್ಲಿ ಅಜ್ಜನ ಚಿತ್ರಕ್ಕೆ ಕಪ್ಪು ಬಣ್ಣವನ್ನು ಎಣ್ಣೆಯಲ್ಲಿ ತೇಲಿಸಿ ತಳಕ್ಕೆ ಬಳಿದು, ವಾರದೊಳಗೆ ಅದರ ಮೇಲೆ ಟರ್ಪೆಂಟೈನ್ ಬೆರೆಸಿದ ತೆಳು ಬಣ್ಣದಲ್ಲಿ ಮುಖ ಮುಗಿಸಿದ್ದೆ. ಮೇಲಿನ ಪದರ ಮೊದಲು ಗಟ್ಟಿಯಾಯಿತು, ಕೆಳಗಿನ ಕಪ್ಪು ತಿಂಗಳುಗಟ್ಟಲೆ ನಿಧಾನವಾಗಿ ಆರುತ್ತ ಸರಿಯಿತು, ಮುಂದಿನ ಯುಗಾದಿಯ ಹೊತ್ತಿಗೆ ಅಜ್ಜನ ಹಣೆಯ ಮೇಲೆ ಬರಗಾಲದ ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು. ಅವರು ಆಗ ಇರಲಿಲ್ಲ, ಮತ್ತೊಮ್ಮೆ ಕೂರಿಸಿ ಬರೆಯುವಂತಿರಲಿಲ್ಲ. ಆ ನೋವು ಇಂದಿಗೂ ಹೋಗಿಲ್ಲ, ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬಣ್ಣ

ತಳ ಆರಿದ ಮೇಲೆ ಬಣ್ಣ. ಬರ್ಂಟ್ ಸಿಯೆನಾ ಮತ್ತು ಓಕರ್ ಸಮನಾಗಿ ಕಲಸಿ, ಚಾಕುವಿನ ತುದಿಯಷ್ಟು ಅಲ್ಟ್ರಾಮರೀನ್ ಸೇರಿಸಿದರೆ ನಮ್ಮ ಕಡೆಯ ಮುಖಗಳಿಗೆ ಒಳ್ಳೆಯ ನಡುಛಾಯೆ ಸಿಗುತ್ತದೆ. ಇದನ್ನು ಚಾಕುವಿನ ಮೇಲೆ ತೆಗೆದುಕೊಂಡು, ತೋಳು ಚಾಚಿ, ಎದುರಿಗಿರುವವರ ಕೆನ್ನೆಯ ಪಕ್ಕಕ್ಕೆ ಬರುವಂತೆ ಹಿಡಿದು, ಕಣ್ಣು ಕಿರಿದು ಮಾಡಿ ಹೋಲಿಸಿ. ಕೆಂಪು ಕಡಿಮೆಯೆನಿಸಿದರೆ ವರ್ಮಿಲಿಯನ್, ಕಪ್ಪುಮೈಯವರಾದರೆ ಅಲಿಜರಿನ್ ಮತ್ತು ನೀಲಿ. ತಿಳಿ ಮಾಡಬೇಕಾದಾಗ ಕೈ ತಾನಾಗಿ ಬಿಳಿಯ ಕಡೆಗೆ ಹೋಗುತ್ತದೆ, ಅದನ್ನು ತಡೆದು ಮೊದಲು ಓಕರ್ ಸೇರಿಸಿ ನೋಡಿ. ಬಿಳಿ ಸೇರಿದ ಬಣ್ಣ ತಿಳಿಯಾಗುವುದರ ಜೊತೆಗೆ ತಣ್ಣಗೂ ಆಗುತ್ತದೆ, ಮುಖಕ್ಕೆ ಬೂದಿ ಬಳಿದಂತಾಗುತ್ತದೆ. ಅತ್ತೆಯ ಇಡೀ ಮುಖಕ್ಕೆ ಒಂದು ದಿನದ ಕೆಲಸಕ್ಕೆ ನಾನು ಪ್ಯಾಲೆಟ್ಟಿಗೆ ಹಾಕಿಕೊಳ್ಳುತ್ತಿದ್ದ ಬಿಳಿ ನಾಲ್ಕೈದು ತೊಗರಿ ಕಾಳಿನಷ್ಟು ಮಾತ್ರ.

ನೆರಳಿಗೆ ಕಪ್ಪನ್ನು ಒಂಟಿಯಾಗಿ ಬಳಸಬೇಡಿ. ಸಿಯೆನಾ, ಅಲಿಜರಿನ್, ಅಲ್ಟ್ರಾಮರೀನ್ ಕೂಡಿದ ಬಣ್ಣವನ್ನು ತೆಳ್ಳಗೆ, ತಳದ ಪದರ ಕಾಣುವಂತೆ ಹಚ್ಚಿದರೆ ನೆರಳು ಆಳವಾಗುತ್ತದೆ. ಬೆಳಕಿನ ಭಾಗವನ್ನು ದಪ್ಪವಾಗಿ, ಕುಂಚದ ಗುರುತು ಉಳಿಯುವಂತೆ ಹಚ್ಚಬೇಕು. ಕಣ್ಣಾರೆ ಕಾಣುವುದನ್ನು ನಂಬಿ, ಗೊತ್ತಿರುವುದನ್ನು ನಂಬಬೇಡಿ. ಅತ್ತೆಯ ಹಣೆಯಲ್ಲಿ ಸೆರಗು ಮುಚ್ಚುತ್ತಿದ್ದ ಕೂದಲಂಚಿನ ಬೆರಳಗಲದ ಪಟ್ಟಿ ಬಿಸಿಲು ಕಾಣದೆ ಮುಖಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿತ್ತು. ಇಳಕಲ್ ಸೀರೆಯ ಕೆಂಪು ಅಂಚಿನಿಂದ ತಿರುಗಿದ ಬೆಳಕು ಗದ್ದದ ಕೆಳಗಿನ ನೆರಳನ್ನು ದಾಳಿಂಬೆ ಸಿಪ್ಪೆಯ ಒಳಗಿನ ಕೆಂಪಿನಂತೆ ಬೆಚ್ಚಗೆ ಮಾಡಿತ್ತು. ಕುಂಕುಮದ ಬೊಟ್ಟಿನ ಅರ್ಧಕ್ಕೆ ವರ್ಮಿಲಿಯನ್, ನೆರಳಿಗೆ ಹೊರಳಿದ ಇನ್ನರ್ಧಕ್ಕೆ ಅಲಿಜರಿನ್ ಬೇಕಾಯಿತು. ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ, ಹುಬ್ಬಿನ ನೆರಳಲ್ಲಿ ಅದು ಬೂದುಗಂದು. ಕಪ್ಪುಗುಡ್ಡೆಯ ಸುತ್ತ ಮುಪ್ಪಿನಲ್ಲಿ ಬರುವ ನಸುನೀಲಿ ಉಂಗುರವನ್ನು ಬರೆದ ಮೇಲೆಯೇ ಆ ನೋಟ ಅವರದಾಯಿತು. ಕೊನೆಯ ದಿನ, ಆಕಾಶದ ಬೆಳಕು ತಣ್ಣಗಿರುವುದರಿಂದ, ಬಿಳಿಗೆ ಕೂದಲೆಳೆಯಷ್ಟು ನೀಲಿ ಬೆರೆಸಿ ಹಣೆಯ ಉಬ್ಬಿಗೆ, ಮೂಗಿನ ತುದಿಗೆ, ಮೂಗುಬೊಟ್ಟಿಗೆ, ಎರಡು ಕಣ್ಣಿಗೆ ಒಂದೊಂದು ಚುಕ್ಕೆ ಇಟ್ಟೆ. ಅಲ್ಲಿಯವರೆಗೆ ತಡೆದು ಹಿಡಿದದ್ದಕ್ಕೇ ಆ ಐದು ಚುಕ್ಕೆಗಳು ಒದ್ದೆಯಾಗಿ ಹೊಳೆದವು.

ಅಂಚುಗಳನ್ನೆಲ್ಲ ಒಂದೇ ಸಮ ಚೂಪಾಗಿ ಕೊಯ್ಯಬೇಡಿ. ನೆರಳಿನ ಕೆನ್ನೆ ಹಿನ್ನೆಲೆಗೆ ಕರಗುವಲ್ಲಿ, ಕೂದಲು ಹಣೆಗೆ ಸೇರುವಲ್ಲಿ, ಒಣ ಬ್ರಶ್‌ನಿಂದ ಮೆತ್ತಗೆ ಸವರಿ. ಪೂರ್ತಿ ಆರಿದ ಮೇಲೆ, ಕೆನ್ನೆ ಮಂಕೆನಿಸಿದರೆ ಎಣ್ಣೆಯಲ್ಲಿ ತೆಳ್ಳಗೆ ಮಾಡಿದ ಅಲಿಜರಿನ್ ಅಥವಾ ಸಿಯೆನಾದ ಪಾರದರ್ಶಕ ಪದರವೊಂದನ್ನು ಬೆರಳಿನ ಮೇಲೆ ಬಟ್ಟೆ ಸುತ್ತಿ ಒತ್ತಬಹುದು. ಒಂದು ಸಲ ಸಾಕು.

ನೋಡಿ ಕಲಿಯುವುದು

ರಾಜಾ ರವಿವರ್ಮನಿಗೂ ತೈಲವರ್ಣವನ್ನು ಕೂರಿಸಿ ಕಲಿಸಿದವರಿಲ್ಲ. 1868ರಲ್ಲಿ ತಿರುವಾಂಕೂರಿನ ಅರಮನೆಗೆ ಬಂದಿದ್ದ ಚಿತ್ರಕಾರ ಥಿಯೋಡರ್ ಜೆನ್ಸನ್ ಕೆಲಸ ಮಾಡುವುದನ್ನು ನೋಡಿ ನೋಡಿ ಆತ ಕೈ ಪಳಗಿಸಿಕೊಂಡ. ಆತನ ಮೂಲಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ, ಇಲ್ಲಿಂದ ಗೋಲಗುಂಬಜ ಎಕ್ಸ್‌ಪ್ರೆಸ್ ನೇರ ಮೈಸೂರಿಗೆ ಹೋಗುತ್ತದೆ. ಒಂದು ಸಲ ಹೋಗಿ, ಮುಖದ ನೆರಳು ಎಷ್ಟು ತೆಳ್ಳಗಿದೆ, ಒಡವೆಯ ಹೊಳಪಿಗೆ ಬಣ್ಣ ಎಷ್ಟು ದಪ್ಪವಿದೆ ಎಂದು ಪಕ್ಕದಿಂದ ಓರೆಯಾಗಿ ನೋಡಿ ಬನ್ನಿ. ಅಲ್ಲಿಯೇ ಇರುವ, ದೀಪ ಹಿಡಿದ ಹೆಣ್ಣುಮಗಳ ಪ್ರಸಿದ್ಧ ಚಿತ್ರವನ್ನು ಹಲವರು ರವಿವರ್ಮನದೆಂದು ತಿಳಿಯುತ್ತಾರೆ; ಅದು ಎಸ್.ಎಲ್. ಹಳದಣಕರ್ ಅವರ ಜಲವರ್ಣ. ಗುರುಗಳ ವಿಷಯಕ್ಕೆ ಬಂದರೆ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಲಾಶಾಲೆ ಕಟ್ಟಿದರು, ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರು ರವಿ ಪರಾಂಜಪೆಯಂಥ ಶಿಷ್ಯರನ್ನು ತಯಾರು ಮಾಡಿದರು. ಇಂಥ ಪರಂಪರೆಯಲ್ಲಿ ಕಲಿತವರು ನಿಮ್ಮ ಊರಿನ ಶಾಲೆಯ ಚಿತ್ರಕಲಾ ಮಾಸ್ತರರೇ ಆಗಿರಬಹುದು. ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ಕೂರಲು ಅನುಮತಿ ಕೇಳಿ.

ಆರಿಸುವುದು, ಕಾಪಾಡುವುದು

ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿಯೊಂದಿಗೆ ಸೇರುವಾಗ ಹುಟ್ಟುವ ಕಾವು ಮುದ್ದೆಯೊಳಗೇ ಸಿಕ್ಕಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ, 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬಟ್ಟೆಯನ್ನು ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ. ಕೈಯಿಂದ ರೊಟ್ಟಿ ಮುರಿದು ತಿನ್ನುವವರು ನಾವು, ಊಟಕ್ಕೆ ಮೊದಲು ಉಗುರಿನ ಸಂದಿಯವರೆಗೆ ಸಾಬೂನು ಹಚ್ಚಿ ತೊಳೆಯಬೇಕು.

ಹಸಿ ಚಿತ್ರವನ್ನು ಮಲಗಿಸಿಟ್ಟರೆ ಎರೆಯ ಧೂಳೆಲ್ಲ ಅದರ ಮೇಲೆ ಕೂರುತ್ತದೆ. ಮುಖವನ್ನು ಗೋಡೆಯ ಕಡೆಗೆ ಮಾಡಿ ಓರೆಯಾಗಿ ನಿಲ್ಲಿಸಿ. ದೇವರ ಮನೆಯ ದೀಪದ ಹೊಗೆ ತಾಗುವಲ್ಲಿ ತೂಗುಹಾಕಬೇಡಿ. ವಾರ್ನಿಶ್‌ಗೆ ಕನಿಷ್ಠ ಆರು ತಿಂಗಳು ಕಾಯಬೇಕು, ದಪ್ಪ ಬಣ್ಣವಿದ್ದರೆ ಒಂದು ವರ್ಷ. ಮಳೆಗಾಲದ ತೇವದಲ್ಲಿ ಹಚ್ಚಿದ ವಾರ್ನಿಶ್ ಮಂಜು ಕವಿದಂತೆ ಬೆಳ್ಳಗಾಗುತ್ತದೆ, ಬೇಸಿಗೆಯ ಗಾಳಿಯಲ್ಲಿ ಧೂಳು ಅಂಟುತ್ತದೆ. ದೀಪಾವಳಿ ಕಳೆದ ಮೇಲೆ, ಗಾಳಿಯಿಲ್ಲದ ಒಣ ದಿನದ ಬೆಳಿಗ್ಗೆ ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿ, ನೆಲ ಪೂರ್ತಿ ಒಣಗಿದ ಮೇಲೆ ಚಿತ್ರವನ್ನು ಮಲಗಿಸಿ, ಅಗಲವಾದ ಮೆತ್ತನೆಯ ಬ್ರಶ್‌ನಿಂದ ಒಂದೇ ಕೈ ತೆಳ್ಳಗೆ ಹಚ್ಚಿ, ಅಂಟು ಹೋಗುವವರೆಗೆ ಆ ಕೋಣೆಯ ಬಾಗಿಲು ಮುಚ್ಚಿಡಿ.